ಕೆಂಚ ಹೋದ, ಕೂಸು ಬಂತು

ರಜೆ ಅರ್ಜಿಯನ್ನು ನಾಲ್ಕು ಸಲ ಬರೆದು ಹರಿದುಹಾಕಿದೆ. ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿರುವ ನನಗೆ ಅವತ್ತು ಒಂದೇ ಒಂದು ಕ್ರಿಯಾಪದ ಸಿಗಲಿಲ್ಲ. ‘ನಮ್ಮ ಮನೆಯ ನಾಯಿ ತೀರಿಕೊಂಡಿದ್ದರಿಂದ’ ಎಂದು ಬರೆದೆ. ಹೆಡ್‌ಮಾಸ್ಟರು ನಗುತ್ತಾರೆ ಅನ್ನಿಸಿತು. ‘ನಿಧನ’ ಅಂದರೆ ಪೇಪರಿನ ಮೂಲೆಯ ಫೋಟೊ ನೆನಪಾಯಿತು. ‘ಸತ್ತುಹೋದ’ ಎಂದು ಬರೆಯಲು ಕೈ ಬರಲಿಲ್ಲ. ಕೊನೆಗೆ ‘ಅನಾರೋಗ್ಯದ ಕಾರಣ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ’ ಎಂದು ಮುಗಿಸಿದೆ. ಅನಾರೋಗ್ಯ ಯಾರಿಗೆ ಎಂದು ಬರೆಯದಿದ್ದರಿಂದ ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಸಾವಿಗೆ ನಮ್ಮಲ್ಲಿ ಮಾತುಗಳಿಗೇನು ಬರವೇ? ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು, ಅಸುನೀಗಿದರು, ಕೊನೆಯುಸಿರೆಳೆದರು. ಜಾತಿ, ಮಠ, ಅಂತಸ್ತು ನೋಡಿ ಹಂಚಿಕೊಂಡಿದ್ದೇವೆ. ನಾಯಿಯ ಪಾಲಿಗೆ ಉಳಿದದ್ದು ಬೈಗುಳ ಮಾತ್ರ. ‘ನಾಯಿ ಸಾವು ಸಾಯ್ತೀಯ’ ಎನ್ನುವ ಶಾಪ ನಮ್ಮ ಬೀದಿಯಲ್ಲೇ ವಾರಕ್ಕೊಮ್ಮೆ ಕೇಳುತ್ತದೆ. ನಮ್ಮ ಕೆಂಚ ಹೋಗುವ ಮೂರು ತಿಂಗಳ ಹಿಂದಷ್ಟೇ, 2023ರ ಡಿಸೆಂಬರ್ 4ರಂದು, ದಸರಾ ಆನೆ ಅರ್ಜುನ ಸಕಲೇಶಪುರದ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣಬಿಟ್ಟಿದ್ದ. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತವನು. ‘ವೀರಮರಣ’ ಎಂದರು, ‘ಅವನು’ ಎಂದರು, ಸ್ಮಾರಕ ಬೇಕೆಂದು ಕೇಳಿದರು. ಅದರಲ್ಲಿ ಯಾರಿಗೂ ಅತಿರೇಕ ಕಾಣಲಿಲ್ಲ, ನನಗೂ ಕಾಣಲಿಲ್ಲ. ಕೆಂಚ ಅಂಬಾರಿ ಹೊತ್ತವನಲ್ಲ. ಮಂಡ್ಯದ ಮೂವತ್ತು–ನಲವತ್ತರ ಸೈಟಿನ ಮನೆಯೊಂದರ ಗೇಟು ಕಾದವನು, ಅಷ್ಟೇ.

2012ರ ಮಳೆಗಾಲದಲ್ಲಿ ಮಗಳು ಅವನನ್ನು ಸ್ಕೂಲ್ ಬ್ಯಾಗಿನಲ್ಲಿ ತಂದಿದ್ದಳು. ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಯಲ್ಲಿ ಹಿಡಿದು, ಬ್ಯಾಗನ್ನು ಮರಿಗೆ ಬಿಟ್ಟುಕೊಟ್ಟಿದ್ದಳು. ಅಪ್ಪಟ ಬೀದಿನಾಯಿ, ಮಣ್ಣಿನ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ನಮ್ಮತ್ತೆ ಬಾಗಿಲಲ್ಲೇ ನಿಂತು ಕಾನೂನು ಹೇಳಿದರು: ‘ಇರ್‍ಲಿ. ಆದ್ರೆ ಹೊಸ್ತಿಲು ದಾಟ್ಬಾರ್ದು.’ ಆ ಕಾನೂನನ್ನು ಕೆಂಚ ಹನ್ನೆರಡು ವರ್ಷ ಪಾಲಿಸಿದ, ವಕೀಲನ ಬುದ್ಧಿಯಿಂದ ಪಾಲಿಸಿದ. ಮೈಯೆಲ್ಲ ವರಾಂಡದಲ್ಲಿ, ಮುಂಗಾಲಿನ ಉಗುರು ಮಾತ್ರ ಹೊಸ್ತಿಲ ಮೇಲೆ. ಅತ್ತೆ ಟೀವಿ ಧಾರಾವಾಹಿ ನೋಡುವಾಗ ಅವನೂ ಅಲ್ಲಿಂದಲೇ ನೋಡುತ್ತಿದ್ದ. ‘ಮುಂಡೇದು, ಉಗುರು ತೆಗಿ’ ಎಂದು ಅವರು ದಿನಕ್ಕೆ ಹತ್ತು ಸಲ ಗದರುತ್ತಿದ್ದರು. ಅವನು ತೆಗೆದು, ಮತ್ತೆ ಇಡುತ್ತಿದ್ದ. ಕುಕ್ಕರಿನ ಮೂರನೆಯ ಸೀಟಿಗೆ ಎದ್ದು ಮೈ ಮುರಿಯುತ್ತಿದ್ದ, ಮುದ್ದೆಗೆ ಇನ್ನು ಹತ್ತು ನಿಮಿಷ ಎಂದು ಅವನಿಗೆ ಲೆಕ್ಕ.

ಕಾಯಿಲೆಯ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನೀರು ಹೆಚ್ಚು ಕುಡಿಯುತ್ತಿದ್ದ, ಬೇಸಿಗೆ ಅಂದುಕೊಂಡೆವು. ಮುದ್ದೆ ಬಿಟ್ಟ, ವಯಸ್ಸಾಯಿತು ಅಂದುಕೊಂಡೆವು. ಬಾಯಿಂದ ಒಂದು ಥರದ ಘಾಟು ಬರತೊಡಗಿದ ಮೇಲೆ ಪಶು ಆಸ್ಪತ್ರೆಗೆ ಒಯ್ದೆವು. ನಾಯಿಯ ರಕ್ತದಲ್ಲಿ ಕ್ರಿಯಾಟಿನಿನ್ ಒಂದೂವರೆಯ ಆಸುಪಾಸಿನಲ್ಲಿರಬೇಕಂತೆ, ಇವನದು ಒಂಬತ್ತು ದಾಟಿತ್ತು. ಮೂತ್ರಪಿಂಡ ಮುಕ್ಕಾಲು ಪಾಲು ಕೆಡುವವರೆಗೂ ಆ ಅಂಕಿ ಏರುವುದೇ ಇಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂದು ಡಾಕ್ಟರು ವಿವರಿಸಿದರು. ಐದು ದಿನ ಸಲೈನ್ ಹಾಕಿಸಿದೆವು. ಆರನೆಯ ದಿನ ಅವರು ಮೆಲ್ಲಗೆ ಹೇಳಿದರು: ‘ಯೋಚ್ನೆ ಮಾಡಿ ಮೇಡಂ. ಇಂಜೆಕ್ಷನ್ ಕೊಟ್ರೆ ನೋವಿಲ್ದೆ ಹೋಗ್ತಾನೆ.’

ಹೋಗ್ತಾನೆ. ಅವರೂ ‘ಹೋಗುತ್ತೆ’ ಅನ್ನಲಿಲ್ಲ.

ನಾನು ಯೋಚನೆ ಮಾಡಿದೆ. ನಾಲ್ಕು ದಿನ ಯೋಚನೆ ಮಾಡಿದೆ. ಆ ನಾಲ್ಕು ದಿನ ಅವನು ಏಳಲಾರದೆ, ಮಲಗಲಾರದೆ, ವರಾಂಡದ ಮೂಲೆಯಲ್ಲಿ ಗೋಡೆಗೆ ತಲೆಯೊತ್ತಿ ನಿಂತಿರುತ್ತಿದ್ದ. ಐದನೆಯ ದಿನ ಆಟೊ ಕರೆಸಿ ಆಸ್ಪತ್ರೆಗೆ ಒಯ್ದೆವು. ಎರಡು ನಿಮಿಷದ ಕೆಲಸ. ನಾಯಿಯನ್ನು ಕೈಯಾರೆ ಕೊಲ್ಲಿಸಿದೆ ಎಂದು ಅಳುವ ಎಷ್ಟೋ ಯಜಮಾನರನ್ನು ಆಮೇಲೆ ಕಂಡಿದ್ದೇನೆ. ನನ್ನ ಸಂಕಟ ಅದಲ್ಲ. ಆ ನಾಲ್ಕು ದಿನಗಳನ್ನು ಅವನಿಗಾಗಿ ಉಳಿಸಿಕೊಂಡೆನೋ, ನನಗಾಗಿಯೋ? ಉತ್ತರ ನನಗೆ ಗೊತ್ತು, ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ಮುದಿನಾಯಿ ಇರುವವರಿಗೆ ಒಂದು ಮಾತು ಹೇಳಬಹುದಾದರೆ, ನೀರಿನ ಬಟ್ಟಲನ್ನು ದಿನಕ್ಕೆ ಎಷ್ಟು ಸಲ ತುಂಬಿಸುತ್ತಿದ್ದೀರಿ ಎಂಬುದರ ಮೇಲೆ ಗಮನವಿರಲಿ.

ಪೇಟೆಯ ಮನೆಯಲ್ಲಿ ಹೂಳಲು ಜಾಗವೆಲ್ಲಿ? ಕಾಂಪೌಂಡಿನ ಒಳಗೆಲ್ಲ ಸಿಮೆಂಟು. ಬೆಂಗಳೂರಿನಲ್ಲಾದರೆ ಸಾಕುಪ್ರಾಣಿಗಳ ಸ್ಮಶಾನವಿದೆ, ವಿದ್ಯುತ್ ಚಿತಾಗಾರವೂ ಇದೆ. ನಮ್ಮಂಥ ಊರುಗಳಲ್ಲಿ ಯಾರದಾದರೂ ಹೊಲ ಕೇಳಬೇಕು, ಇಲ್ಲವೇ ಕಸದ ಗಾಡಿಯವರನ್ನು ಕರೆಯಬೇಕು. ಮದ್ದೂರು ತಾಲ್ಲೂಕಿನ ನನ್ನ ತವರಿಗೆ ಫೋನ್ ಮಾಡಿದೆ. ತಮ್ಮ ಬೇರೇನೂ ಕೇಳಲಿಲ್ಲ: ‘ಉಪ್ಪು ತಗಂಡ್ ಬಾ ಅಕ್ಕ, ಹತ್ತು ಕೇಜಿ, ಕಲ್ಲುಪ್ಪು. ಗುಂಡಿ ನಾನ್ ತೆಗ್ಸಿರ್ತೀನಿ.’ ಬದುವಿನ ಮೇಲೆ ಸೊಂಟದುದ್ದ ಅಗೆದಿದ್ದ, ಮೇಲೆಮೇಲೆ ಹೂತರೆ ನರಿ ಕೆದಕುತ್ತವೆ ಎಂದು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಇಳಿಸಿ, ಉಪ್ಪು ಸುರಿದು, ಮಣ್ಣು ಎಳೆದೆವು. ಮೇಲೆ ತೆಂಗಿನ ಸಸಿ ನೆಟ್ಟೆವು. ಎಲ್ಲ ಸೇರಿ ಒಂದು ಗಂಟೆಯೂ ಹಿಡಿಯಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮಂಡ್ಯಕ್ಕೆ ವಾಪಸ್ಸು.

ಮೂರನೆಯ ದಿನ ಬೆಳಿಗ್ಗೆ ಟಿಫಿನ್ ಡಬ್ಬಿ ಕಟ್ಟುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಎಂಬತ್ತು ದಾಟಿದ ಜೀವ. ಕೆಂಚನನ್ನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೈಯಾರೆ ಮುಟ್ಟಿದವರಲ್ಲ.

‘ಮೂರು ದಿನ ಆಯ್ತಲ್ಲವ್ವ. ಅವ್ನಿಗೆ ಹಾಲು ತುಪ್ಪ ಬುಡೋದು ಬ್ಯಾಡ್ವಾ?’

ನಮ್ಮ ಕಡೆ ಮನುಷ್ಯರು ಸತ್ತ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ನಾಯಿಗೆ ಬಿಟ್ಟವರನ್ನು ನಾನು ಕಂಡಿಲ್ಲ. ಅತ್ತೆಯೂ ಕಂಡಿಲ್ಲ. ಆದರೆ ಅವರು ಕೇಳಿದ್ದು ತಮಾಷೆಗಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ದುಃಖ ಬಂದಿದೆ, ಅದನ್ನು ಇಳಿಸುವ ಶಾಸ್ತ್ರ ಯಾವುದು ಎಂದು ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ. ಸ್ಕೂಲಿಗೆ ಹೊತ್ತಾಗಿತ್ತು.

ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸ 1989ರಲ್ಲಿ ಇಂಥ ದುಃಖಕ್ಕೆ ಒಂದು ಹೆಸರಿಟ್ಟ. ಸಮಾಜ ಮಾನ್ಯ ಮಾಡದ, ಅಳಲು ಹಕ್ಕು ಕೊಡದ ದುಃಖ ಎಂದು ಅದರ ಅರ್ಥ. ಸೂತಕವಿಲ್ಲ, ತಿಥಿಯಿಲ್ಲ, ಮಾತಾಡಿಸಲು ಬರುವವರಿಲ್ಲ. ಆದ್ದರಿಂದ ಮುಗಿಯುವ ದಿನವೂ ಇಲ್ಲ. ಹೆಸರು ಸಿಕ್ಕಿದ್ದು ಒಳ್ಳೆಯದೇ. ಆದರೆ ನನಗೆ ಸಮಾಧಾನ ಸಿಕ್ಕಿದ್ದು ಬೇರೆ ಕಡೆ, ಅದೂ ನನ್ನ ತವರಿನ ತಾಲ್ಲೂಕಿನಲ್ಲೇ.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಕನ್ನಡ ಎಂ.ಎ. ಓದಿದವರೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತಾರೆ. ನಾನೂ ಮಾಡಿದ್ದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಸಾವು, ಕ್ರಿ.ಶ. 949–50. ನಾಯಿಯ ವಿಷಯ ಎರಡು ಅಂಕದ ಪ್ರಶ್ನೆ. ಆ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳಿಕೋ ಎನ್ನುತ್ತಾನೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿ, ನಾಯಿ ಎರಡೂ ಜೊತೆಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ. ಆ ಭೂಮಿ ಉಣ್ಣುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಹಂದಿಯೊಡನೆ ಸೆಣಸುತ್ತಿರುವ ಕಾಳಿಯನ್ನು ಅದರಲ್ಲೇ ಕೆತ್ತಿದ್ದಾರೆ.

ಕೆಂಚ ಹೋದ ಮೇಲೆ ಆ ಪಾಠವನ್ನು ತೆಗೆದು ಮತ್ತೆ ಓದಿದೆ. ಎಂ.ಎ.ಯಲ್ಲಿ ಕಾಣದ್ದು ಕಂಡಿತು. ಆ ಕವಿಗೆ ಕ್ರಿಯಾಪದದ ತಾಪತ್ರಯವೇ ಇರಲಿಲ್ಲ. ಸಾಯು ಎಂಬ ನೇರ ಧಾತುವನ್ನೇ ಬಳಸಿದ್ದಾನೆ. ಮಾತಿನಲ್ಲಿ ಮರ್ಯಾದೆ ಕೊಡುವ ಬದಲು ಕಲ್ಲು, ಭೂಮಿ, ನಿತ್ಯಪೂಜೆ ಕೊಟ್ಟಿದ್ದಾರೆ. ಊಟಕ್ಕೆ ಮೊದಲು ನೆನೆಯಬೇಕು ಎಂಬ ಕಟ್ಟಳೆಯಂತೂ ಎಂಥ ಅನುಭವಸ್ಥನ ಮಾತು! ನಾಯಿ ಸತ್ತ ಮನೆಯಲ್ಲಿ ನೆನಪು ಬಂದು ಹಿಂಡುವುದು ಊಟದ ಹೊತ್ತಿಗೇ. ಮುದ್ದೆ ಕಟ್ಟುವಾಗ ಕೈ ತಾನಾಗಿ ಒಂದು ಹೆಚ್ಚಿಗೆ ಕಟ್ಟಿಬಿಡುತ್ತದೆ.

ಆ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಶಾಸ್ತ್ರದ ದಿನ ದಾಟಿತ್ತು. ಚಿಕ್ಕ ಗಿಂಡಿಯಲ್ಲಿ ಹಾಲು, ತುಪ್ಪ ತಂದಿದ್ದರು. ತೆಂಗಿನ ಸಸಿಯ ಬುಡಕ್ಕೆ ಬಿಟ್ಟು, ‘ಉಗುರು ಇಕ್ಕೊಳ್ಳೋ ಮುಂಡೇದೆ’ ಅಂದರು. ಅಷ್ಟೇ ಅಂದದ್ದು.

ಗುಟ್ಟಿನ ಸಂಘವೊಂದಿದೆ ಎಂದು ಆಮೇಲೆ ತಿಳಿಯಿತು. ತರಕಾರಿ ಗಾಡಿಯವನು, ಸ್ಕೂಲಿನ ಜವಾನ, ಬ್ಯಾಂಕಿನ ಕ್ಯಾಷಿಯರ್, ಒಬ್ಬೊಬ್ಬರಾಗಿ ದನಿ ತಗ್ಗಿಸಿ ತಮ್ಮ ತಮ್ಮ ನಾಯಿಯ ಕತೆ ಹೇಳಿದರು. ನಗುತ್ತಾರೆಂದು ನಾನು ಹೆದರಿದ್ದ ಹೆಡ್‌ಮಾಸ್ಟರ ಪರ್ಸಿನಲ್ಲಿ ಹದಿನೈದು ವರ್ಷದ ಹಿಂದೆ ಸತ್ತ ನಾಯಿಯ ಫೋಟೊ ಇತ್ತು. ಮೊದಲೇ ಗೊತ್ತಿದ್ದರೆ ರಜೆ ಅರ್ಜಿಯಲ್ಲಿ ನಿಜ ಬರೆಯುತ್ತಿದ್ದೆ. ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗುವ ಕೆಲವೇ ದಿನ ಮೊದಲು, 2021ರ ಜುಲೈನಲ್ಲಿ, ಅವರ ಮನೆಯ ನಾಯಿ ಸನ್ನಿ ಸತ್ತುಹೋಯಿತು. ಮರುವರ್ಷ ‘777 ಚಾರ್ಲಿ’ ಸಿನಿಮಾ ನೋಡಿ ಅವರು ಕ್ಯಾಮೆರಾದೆದುರೇ ಅತ್ತರು. ನಮ್ಮ ಸ್ಟಾಫ್ ರೂಮಿನಲ್ಲಿ ಆ ವಿಡಿಯೊ ನೋಡಿ ನಕ್ಕವರಿದ್ದರು. ಅವತ್ತು ನಾನೂ ನಕ್ಕಿದ್ದೆ. ರಾಜಕೀಯದವರ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ, ಆದರೆ ಆ ನಗುವನ್ನು ವಾಪಸ್ಸು ತೆಗೆದುಕೊಂಡಿದ್ದೇನೆ.

ಸಲಹೆಗಳು ಎರಡೇ ನಮೂನೆ. ‘ಇನ್ನೊಂದು ತಂದ್ಬಿಡಿ, ಮರೆತು ಹೋಗುತ್ತೆ’ ಎನ್ನುವವರು ಒಂದು ಕಡೆ. ವಾರದೊಳಗೆ ಮೊಬೈಲಿಗೆ ಲ್ಯಾಬ್ರಡಾರ್ ಮರಿಗಳ ಫೋಟೊ ಬರಲಾರಂಭಿಸಿದವು. ಒಬ್ಬರು ಮುಧೋಳದ ಮರಿ ಕೊಡಿಸುತ್ತೇನೆಂದರು, ಅಂಚೆಚೀಟಿಯ ಮೇಲೆ ಬಂದ ತಳಿ, ಓಡಲೆಂದೇ ಹುಟ್ಟಿದ್ದು. ಅದನ್ನು ತಂದು ಸಿಮೆಂಟಿನ ಅಂಗಳದಲ್ಲಿ ಕಟ್ಟುವುದು ಪಾಪವೇ ಸರಿ. ‘ಇನ್ನು ಈ ಜನ್ಮಕ್ಕೆ ನಾಯಿ ಬೇಡಪ್ಪ’ ಎನ್ನುವವರು ಇನ್ನೊಂದು ಕಡೆ. ನಾನು ಈ ಎರಡನೆಯ ಗುಂಪಿನಲ್ಲಿದ್ದೆ. ಈಗ ನೋಡಿದರೆ ಎರಡು ಗುಂಪಿನವರದೂ ಒಂದೇ ತಪ್ಪು ಲೆಕ್ಕ: ಎದೆಯಲ್ಲಿ ಒಂದು ನಾಯಿಗೆ ಆಗುವಷ್ಟೇ ಜಾಗ, ತುಂಬಿಸಬೇಕು, ಇಲ್ಲವೇ ಬೀಗ ಹಾಕಬೇಕು. ಕೆಂಚ ಬಿಟ್ಟುಹೋದದ್ದು ಖಾಲಿ ಜಾಗವನ್ನಲ್ಲ, ಅಭ್ಯಾಸವನ್ನು. ಗೇಟಿನ ಚಿಲಕ ಹಾಕುವುದು, ಹೆಚ್ಚಿಗೆ ಒಂದು ಮುದ್ದೆ ಕಟ್ಟುವುದು, ಗುಡುಗಿದರೆ ಮೂಲೆ ನೋಡುವುದು. ಹನ್ನೆರಡು ವರ್ಷ ನಾವು ಅವನಿಗೆ ಕಲಿಸಿದ್ದಕ್ಕಿಂತ ಅವನು ನಮಗೆ ಕಲಿಸಿದ್ದೇ ಹೆಚ್ಚು. ಆ ವಿದ್ಯೆ ಕೆಲಸವಿಲ್ಲದೆ ಮನೆಯಲ್ಲಿ ಬಿದ್ದಿತ್ತು.

ಅವನು ಹೋಗಿ ಎಂಟು ತಿಂಗಳಾಗಿತ್ತು. ಎದುರು ಸಾಲಿನ ಬಾಡಿಗೆ ಮನೆಯವರು ಒಂದು ರಾತ್ರಿ ಲಾರಿ ತುಂಬಿಸಿಕೊಂಡು ಹೋದರು. ಬೆಳಿಗ್ಗೆ ನೋಡಿದರೆ ಬೀಗ ಹಾಕಿದ ಗೇಟಿನ ಮುಂದೆ ಅವರ ನಾಯಿ ಕೂತಿತ್ತು. ಬಿಳಿ–ಕಪ್ಪು ಮಿಶ್ರತಳಿಯ ಹೆಣ್ಣು, ನಾಲ್ಕು ವರ್ಷದ್ದಿರಬಹುದು, ಕುತ್ತಿಗೆಯಲ್ಲಿ ಕೆಂಪು ಬೆಲ್ಟು. ಅವರು ಹೆಚ್ಚು ಬೆರೆಯುವ ಜನವಲ್ಲ, ಒಳಗೇ ಸಾಕಿಕೊಂಡಿದ್ದರು. ಮರೆತರೋ, ಹೊಸ ಮನೆಯ ಮಾಲೀಕ ಬೇಡವೆಂದನೋ, ಮತ್ತೆ ಬಂದು ಒಯ್ಯುವ ಯೋಚನೆಯಿತ್ತೋ, ಗೊತ್ತಿಲ್ಲ. ಯಾರೂ ಬರಲಿಲ್ಲ. ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೆ? ಕನಿಷ್ಠ 10 ರೂಪಾಯಿ, ಗರಿಷ್ಠ 50. ಆ ದುಡ್ಡಿನಲ್ಲಿ ಮದ್ದೂರಿನಲ್ಲಿ ಎರಡು ವಡೆ ಬರಬಹುದು.

ಅದು ಮಾತ್ರ ಗೇಟು ಬಿಟ್ಟು ಏಳಲಿಲ್ಲ. ಲಾರಿಯ ಸದ್ದಾದರೆ ನಿಲ್ಲುವುದು, ಮತ್ತೆ ಕೂರುವುದು. ನಾನು ಕಣ್ಣು ತಪ್ಪಿಸಿ ಸ್ಕೂಲಿಗೆ ಹೋಗುತ್ತಿದ್ದೆ. ದುಃಖದಲ್ಲಿರುವ ನಾಯಿಯನ್ನು ನೋಡುವ ತ್ರಾಣ ನನಗಿರಲಿಲ್ಲ. ಮೊದಲು ಸೋತವರು ಅತ್ತೆ. ನಾಲ್ಕನೆಯ ದಿನ ಸಂಜೆ ನಾನು ಬರುವಷ್ಟರಲ್ಲಿ ಕೋಲೂರಿಕೊಂಡು ರಸ್ತೆ ದಾಟಿ, ಸಾರಿನಲ್ಲಿ ಅದ್ದಿದ ಮುದ್ದೆ ಇಟ್ಟು ಬಂದಿದ್ದರು.

‘ಮನೆ ಮುಂದೆ ಉಪಾಸ ಕೆಡವ್ಬಾರ್ದು ಕಣವ್ವ’ ಎಂದು ನಾನು ಕೇಳದಿದ್ದರೂ ಸಮಜಾಯಿಷಿ ಕೊಟ್ಟರು. ಮುದ್ದೆ ಅದು ತಿನ್ನಲಿಲ್ಲ. ಅನ್ನ ಮೊಸರು ತಿಂದಿತು, ಅದೂ ನಾವು ಈಚೆ ಬಂದ ಮೇಲೆ. ಮೂರು ವಾರ ಇದೇ ನಡೆಯಿತು. ಒಂದು ರಾತ್ರಿ ಸೈಕ್ಲೋನ್ ಮಳೆ. ನಮ್ಮ ಮನೆಯವರು ಟಾರ್ಚ್ ಹಿಡಿದು ಹೊರಟರು. ಬಂದಾಗ ಹಿಂದೆ ಹತ್ತಡಿ ದೂರದಲ್ಲಿ ಅದೂ ಬರುತ್ತಿತ್ತು, ತಿರುತಿರುಗಿ ಆ ಗೇಟನ್ನು ನೋಡುತ್ತಾ.

ಒಳಗೆ ಬಂದು ಅದು ಮಾಡಿದ ಮೊದಲ ಕೆಲಸವೇನು ಹೇಳಲಿ? ವರಾಂಡ ದಾಟಿ, ಹೊಸ್ತಿಲು ದಾಟಿ, ಹಾಲ್ ದಾಟಿ, ಒದ್ದೆ ಮೈಯಲ್ಲೇ ಸೋಫಾ ಹತ್ತಿ ಮುದುಡಿಕೊಂಡಿತು. ಅದರ ಹಳೆಯ ಮನೆಯ ಕಾನೂನು ಅದು. ನಾವಿಬ್ಬರೂ ಅತ್ತೆಯ ಮುಖ ನೋಡಿದೆವು. ಕೆಂಚ ಹನ್ನೆರಡು ವರ್ಷದಲ್ಲಿ ಗೆಲ್ಲದ ಗಡಿಯನ್ನು ಇದು ಹನ್ನೆರಡು ಸೆಕೆಂಡಿನಲ್ಲಿ ಗೆದ್ದಿತ್ತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಟವಲ್ಲಾದ್ರೂ ತಂದು ಒರ್‍ಸಿ’ ಅಂದರು. ನನಗೆ ಆಗ ಬಂದದ್ದು ಸಂತೋಷವಲ್ಲ, ಸಿಟ್ಟು. ಕೆಂಚನಿಗಾಗಿ ಬಂದ ಸಿಟ್ಟು.

ಈ ಸಿಟ್ಟಿನ ಬಗ್ಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಎರಡನೆಯ ನಾಯಿ ಪ್ರೀತಿ ತರುವ ಮೊದಲು ಹೋಲಿಕೆ ತರುತ್ತದೆ. ಇದು ಮುದ್ದೆ ತಿನ್ನುವುದಿಲ್ಲ, ಅವನು ತಿನ್ನುತ್ತಿದ್ದ. ಇದು ಗಂಟೆ ಬಾರಿಸಿದರೆ ಮಂಚದ ಕೆಳಗೆ ಸೇರುತ್ತದೆ, ಅವನು ಬೊಗಳುತ್ತಿದ್ದ. ಮುಖ ಕೊಟ್ಟು ನೋಡುವುದೇ ಇಲ್ಲ. ನಾಯಿ, ಯಜಮಾನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರೆ ತಾಯಿ–ಮಗುವಿನ ನಡುವೆ ಉಕ್ಕುವ ಆಕ್ಸಿಟೋಸಿನ್ ಹಾರ್ಮೋನು ಇಬ್ಬರಲ್ಲೂ ಹೆಚ್ಚುತ್ತದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದ್ದಾರೆ. ಇಲ್ಲಿ ನೋಟವೇ ಕೂಡುತ್ತಿರಲಿಲ್ಲ. ನಾನು ನೋಡಿದರೆ ಅದು ಗೋಡೆ ನೋಡುತ್ತಿತ್ತು. ಆಮೇಲೆ ಒಂದು ದಿನ ಹೊಳೆಯಿತು: ಅದೂ ನನ್ನನ್ನು ಯಾರಿಗೋ ಹೋಲಿಸುತ್ತಿದೆ. ಕೈಯ ವಾಸನೆ ಬೇರೆ, ಬೈಕಿನ ಸದ್ದು ಬೇರೆ, ಅನ್ನದ ರುಚಿ ಬೇರೆ. ಅದರ ಪಾಲಿಗೆ ಎರಡನೆಯವರು ನಾವು.

ಅಲ್ಲಿಂದ ಅವಸರ ಬಿಟ್ಟೆ. ಉಣ್ಣೆ ಬಿಡಿಸಿದೆವು, ರೇಬಿಸ್ ಲಸಿಕೆ ಹಾಕಿಸಿದೆವು, ಸಂತಾನಹರಣ ಚಿಕಿತ್ಸೆ ಮಾಡಿಸಿದೆವು. ಕೆಂಚನ ತಟ್ಟೆಯನ್ನು ಕೊಡಲು ಮನಸ್ಸಾಗಲಿಲ್ಲ, ಹೊಸ ತಟ್ಟೆ ತಂದೆ. ಅವನ ತಟ್ಟೆ ಈಗಲೂ ಹಿತ್ತಲ ಗೋಡೆಯ ಮೇಲಿದೆ, ಗುಬ್ಬಿಗಳಿಗೆ ನೀರು.

ಉಳಿದದ್ದು ಹೆಸರು. ನಾಲ್ಕು ವರ್ಷ ಅದನ್ನು ಯಾರೋ ದಿನಕ್ಕೆ ನೂರು ಸಲ ಒಂದು ಹೆಸರಿನಿಂದ ಕರೆದಿದ್ದಾರೆ. ಆ ಹೆಸರು ನಮಗೆ ಗೊತ್ತಿಲ್ಲ, ಅದಕ್ಕೆ ಹೇಳಲು ಬರುವುದಿಲ್ಲ. ರಜೆಗೆ ಬಂದ ಮಗಳು ಪಟ್ಟಿ ಮಾಡಿಕೊಂಡು ಕೂತಳು. ರೂಬಿ, ಪಿಂಕಿ, ಜೂಲಿ, ಸ್ವೀಟಿ, ಲಕ್ಕಿ, ಡೈಸಿ, ಬ್ರೌನಿ, ರಾಣಿ, ಲಕ್ಷ್ಮಿ. ಎರಡು ದಿನ ಕರೆದಳು. ಕಿವಿ ಕೂಡ ಆಡಿಸಲಿಲ್ಲ. ‘ಮಿನಿ’ ಅಂದಾಗ ತಲೆಯೆತ್ತಿತು ಎಂದು ಮಗಳು, ನೊಣ ಕೂತಿತ್ತು ಎಂದು ಅವರಪ್ಪ. ಆ ಬಾಡಿಗೆ ಮನೆಯ ಮಾಲೀಕರನ್ನು ಕೇಳಿದೆ, ಅಕ್ಕಪಕ್ಕದವರನ್ನು ಕೇಳಿದೆ, ಹಾಲಿನವನನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಅತ್ತೆ ಯಾವ ಪಟ್ಟಿಗೂ ಕಾಯದೆ ‘ಕೂಸೇ’ ಎನ್ನುತ್ತಾ ಅನ್ನ ಕಲಸುತ್ತಿದ್ದರು. ಅದೇ ಉಳಿಯಿತು. ಈಗ ಕೂಸು ಅಂದರೆ ಬರುತ್ತಾಳೆ. ಬರುತ್ತಾಳೆ ಎಂದೇ ಬರೆದೆ ನೋಡಿ, ಕ್ರಿಯಾಪದ ಯಾವಾಗ ಬದಲಾಯಿತೋ ನನಗೂ ತಿಳಿಯಲಿಲ್ಲ.

ಅವಳು ಬಂದು ಬಹಳ ದಿನವಾಯಿತು. ಮುದ್ದೆಯನ್ನು ಈಗಲೂ ಮೂಸಿ ಬಿಡುತ್ತಾಳೆ. ಸಂಜೆ ವಾಕಿಂಗ್ ಹೊರಟರೆ ಆ ಮನೆಯ ಗೇಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ನಾನೂ ಹಗ್ಗ ಸಡಿಲ ಬಿಟ್ಟು ನಿಲ್ಲುತ್ತೇನೆ. ಅಲ್ಲೀಗ ಬೇರೆ ಬಾಡಿಗೆಯವರಿದ್ದಾರೆ.

ನಾಯಿ ಬಿಟ್ಟು ಊರು ಬಿಡುವವರಿಗೆ ಬುದ್ಧಿ ಹೇಳಲು ನನಗೆ ಇಷ್ಟವಿಲ್ಲ. ಯಾರ ಕಷ್ಟ ಏನಿರುತ್ತದೋ. ಮಂಡ್ಯದ ಒಂದು ಬಡಾವಣೆಯಿಂದ 2024ರ ನವೆಂಬರಿನಲ್ಲಿ ರಾತ್ರೋರಾತ್ರಿ ಮನೆ ಖಾಲಿ ಮಾಡಿದವರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಅವಳನ್ನು ವಾಪಸ್ಸು ಕೇಳಬೇಡಿ. ನೀವು ಅವಳನ್ನು ಏನೆಂದು ಕರೆಯುತ್ತಿದ್ದಿರಿ ಎಂಬುದನ್ನು ಮಾತ್ರ, ಆ ಮನೆಯ ಮಾಲೀಕರಿಗೊಂದು ಫೋನ್ ಮಾಡಿ ತಿಳಿಸಿ.